ಒಂದು ಒತ್ತಕ್ಷರಕ್ಕೆ 300 ರೂಪಾಯಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ನಮ್ಮ ಸರಕಾರಿ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಐದರಿಂದ ಏಳರವರೆಗೆ ಅರವತ್ತು ಚಿಲ್ಲರೆ ಮಕ್ಕಳು. ಸೇವಾ ಚಟುವಟಿಕೆ ಎಂದರೆ ಏನು ನಡೆಯುತ್ತದೆ ಎಂಬುದು ಅಧ್ಯಾಪಕರಿಗೆಲ್ಲ ಗೊತ್ತು: ಗಾಂಧಿ ಜಯಂತಿಗೆ ಅಂಗಳ ಗುಡಿಸುವುದು, ಪರಿಸರ ದಿನಕ್ಕೆ ಗಿಡ ನೆಡುವುದು. ಹೋದ ವರ್ಷದ ಗುಂಡಿಯಲ್ಲೇ ಈ ವರ್ಷವೂ ನೆಟ್ಟದ್ದುಂಟು. ಅದು ಬೇಸರ ಬಂದು ನಾನು ಹಿಡಿದದ್ದು ಕಾಗದ ಓದುವ ಕೆಲಸ. ಮನೆಗೆ ಬರುವ ಮಲಯಾಳ ನೋಟಿಸು ಓದಲಾರದ ಹಿರಿಯರು ಇಲ್ಲಿ ಬೇಕಾದಷ್ಟಿದ್ದಾರೆ. ಆರು, ಏಳರ ಮಕ್ಕಳಿಗೆ ಎರಡೂ ಲಿಪಿ ಬರುತ್ತದೆ. ಶನಿವಾರ ಇಬ್ಬಿಬ್ಬರಂತೆ ಹೋಗಿ ಓದಿ ಹೇಳುವುದು, ಅಷ್ಟೇ.

"ಕನ್ನಡ ಶಾಲೆಯ ಮಕ್ಕಳನ್ನು ಮಲಯಾಳ ಓದಲು ಮನೆ ಮನೆಗೆ ಕಳಿಸುವುದೇ ಮಾಷ್ಟ್ರೇ?" ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಕಾಗದ ಕನ್ನಡದಲ್ಲೇ ಬರಬೇಕೆಂಬ ಜಗಳದಲ್ಲಿ ನಾನೂ ಇದ್ದೇನೆ. ಆದರೆ ಜಗಳ ಮುಗಿಯುವವರೆಗೆ ಪಿಂಚಣಿ ಕಾಯುವುದಿಲ್ಲ.

ಮೊದಲ ವರ್ಷ ನಕ್ಕವರೇ ಗೆದ್ದರು. ಒಬ್ಬ ಹುಡುಗ ಅಜ್ಜರೊಬ್ಬರ ನೋಟಿಸು ಓದಿ "ನೀವು ಕಚೇರಿಗೆ ಹಾಜರಾಗಬೇಕಂತೆ" ಎಂದ. ಅಜ್ಜ ಇಸ್ತ್ರಿ ಅಂಗಿ ತೊಟ್ಟು ಆಟೋದಲ್ಲಿ ಹೋದರು. ಕಾಗದದಲ್ಲಿದ್ದದ್ದು 'ಹಾಜರಾಕಣಂ' ಅಲ್ಲ, 'ಹಾಜರಾಕ್ಕಣಂ'. ಅಂದರೆ ದಾಖಲೆಗಳನ್ನು ಹಾಜರುಪಡಿಸಬೇಕು. ಬರಿಗೈಯಲ್ಲಿ ಹೋದವರು ಬರಿಗೈಯಲ್ಲೇ ಬಂದರು. ಬಾಡಿಗೆ 300 ರೂಪಾಯಿ ನನ್ನ ಜೇಬಿನಿಂದ ಹೋಯಿತು, ಅವರ ಮಗನ ಬೈಗುಳ ಬೇರೆ. ಅದೇ ತಿಂಗಳು ಹುಡುಗಿಯೊಬ್ಬಳು ಮಲಯಾಳದಲ್ಲಿ ಅರ್ಜಿ ಎಂದರ್ಥವಿರುವ 'ಅಪೇಕ್ಷ'ವನ್ನು ನಮ್ಮ ಅಪೇಕ್ಷೆ ಎಂದುಕೊಂಡು, ಅರ್ಜಿ ತಿರಸ್ಕರಿಸಿದ ಕಾಗದವನ್ನು "ನಿಮ್ಮ ಆಸೆ ಅವರಿಗೆ ಒಪ್ಪಿಗೆಯಾಗಲಿಲ್ಲವಂತೆ" ಎಂದು ಓದಿ ಬಂದಳು. ಪೂರ್ತಿ ತಪ್ಪೇನೂ ಅಲ್ಲ, ಬಿಡಿ.

ಆ ವರ್ಷ ಆಟೋ, ಜೆರಾಕ್ಸ್, ಮಕ್ಕಳ ಅವಲಕ್ಕಿ ಸೇರಿ ಕೈಯಿಂದ ನಾಲ್ಕು ಸಾವಿರದ ಹತ್ತಿರ ಹೋಯಿತು. ಎರಡನೆಯ ವರ್ಷ ರಕ್ಷಕ-ಶಿಕ್ಷಕ ಸಂಘ (ಪಿ.ಟಿ.ಎ.) ಗೊಣಗುತ್ತ 1,500 ಕೊಟ್ಟಿತು.

ಬದಲಿಸಿದ್ದು ಎರಡೇ. ಸ್ಥಳದಲ್ಲಿ ಅರ್ಥ ಹೇಳಕೂಡದು. ಆಧಾರ್ ಮತ್ತು ಖಾತೆ ಸಂಖ್ಯೆ ಬಿಟ್ಟು ಉಳಿದದ್ದನ್ನು ಬರೆದುಕೊಂಡು ಬಂದು, ಸೋಮವಾರ ನನಗೆ ತೋರಿಸಿ, ಸಂಜೆ ಹೋಗಿ ಹೇಳಬೇಕು. ಇನ್ನೊಂದು, ಜೋಡಿ. ಮನೆಯಲ್ಲಿ ಮಲಯಾಳವೋ ಬ್ಯಾರಿಯೋ ಆಡುವ ಮಗುವಿಗೆ ಕಿವಿ ಚುರುಕು, ತುಳುವಿನ ಮಗುವಿಗೆ ಹಲವು ಸಲ ಲಿಪಿ ಚುರುಕು. ಯಾರನ್ನು ಯಾರ ಜತೆ ಸೇರಿಸಿದರೆ ಜಗಳವಾಗುವುದಿಲ್ಲ ಎಂಬ ಲೆಕ್ಕ ನನ್ನದೇ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಫಲ ಕಂಡದ್ದು ಬೀಡಿ ಕಟ್ಟುವ ಅಜ್ಜಿಯೊಬ್ಬರ ಮನೆಯಲ್ಲಿ. ಮೊರದ ಎಲೆಗಳ ಅಡಿಯಿಂದ ಎಂಟು ಮಡಿಕೆಯ ಕಾಗದ ತೆಗೆದರು, ಹೊಗೆಸೊಪ್ಪಿನ ವಾಸನೆ. ಪಿಂಚಣಿ ಮಸ್ಟರಿಂಗ್, ಅಂದರೆ ಬದುಕಿದ್ದೇವೆಂದು ಬೆರಳಚ್ಚು ಕೊಟ್ಟು ತೋರಿಸುವುದು, ಬಾಕಿ ಎಂಬ ಸೂಚನೆ. ಬಂದು ನಾಲ್ಕು ತಿಂಗಳಾಗಿತ್ತು, ಪಿಂಚಣಿ ನಿಂತಿತ್ತು. ಜೋಡಿಯ ಜತೆ ನಾನೂ ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ ಅಜ್ಜಿಯನ್ನು ಕರೆದುಕೊಂಡು ಹೋದೆ. ಬೀಡಿ ಸುತ್ತಿ ಸುತ್ತಿ ಸವೆದ ಬೆರಳು, ಯಂತ್ರ ಐದು ಸಲ ಒಲ್ಲೆ ಎಂದಿತು. ಕೊನೆಗೆ ಕಣ್ಣಿನ ಪಾಪೆಯಿಂದ ಆಯಿತು. "ಕಣ್ಣು ಬಿಡಿ ಅಜ್ಜಿ, ಇನ್ನೂ ದೊಡ್ಡ" ಎನ್ನುತ್ತ ಹುಡುಗಿಯೂ ಕಣ್ಣರಳಿಸಿ ನಿಂತಿದ್ದಳು. ಆ ವರ್ಷ ಎಪ್ಪತ್ತರಷ್ಟು ಮನೆ, ನೂರಕ್ಕೂ ಮಿಕ್ಕಿ ಕಾಗದ. ಹತ್ತೋ ಹನ್ನೆರಡೋ ಪಿಂಚಣಿ ಮತ್ತೆ ಶುರುವಾಯಿತು.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಕೇರಳದ ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು 1969ರ ಅಧಿಕೃತ ಭಾಷಾ ಕಾಯಿದೆ ಹೇಳುತ್ತದೆ. 50 ಪೈಸೆಯ ಪೋಸ್ಟ್ ಕಾರ್ಡ್ ಇಪ್ಪತ್ತು ತಂದು ಮಕ್ಕಳಿಂದ ಬರೆಸಿದೆ. ಹತ್ತು ರೂಪಾಯಿಗೆ ಮೂರು ಉತ್ತರ ಬಂತು, ಎರಡು ಮಲಯಾಳದಲ್ಲಿ. ಅವನ್ನೂ ಮಕ್ಕಳೇ ಓದಿದರು.

ಅಂದು ನಕ್ಕಿದ್ದ ಸಹೋದ್ಯೋಗಿಯೇ ಈಗ ತಮ್ಮ ತಾಯಿಯ ರೇಷನ್ ಕಾರ್ಡಿನ ಕಾಗದ ತಂದು ಏಳನೆಯ ತರಗತಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಸರದಿ ಬರುವವರೆಗೆ ಕಾಯಿರಿ ಎಂದಿದ್ದೇನೆ.