ಬೆಂಕಿ ಬಿದ್ದ ಜಾಗಕ್ಕೆ 200 ಸಸಿ ನೆಟ್ಟು ಕೈ ಸುಟ್ಕೊಂಡ ಕಥೆ

2019ರ ಫೆಬ್ರವರಿಲಿ ಬಂಡೀಪುರಕ್ಕೆ ಬೆಂಕಿ ಬಿತ್ತಲ್ಲ, ಏರ್‌ಫೋರ್ಸ್ ಹೆಲಿಕಾಪ್ಟರ್ ಬಂದು ನೀರು ಸುರಿದ್ರಲ್ಲ, ಆಗ ಗೋಪಾಲಸ್ವಾಮಿ ಬೆಟ್ಟದ ಕಡೆ ಇರೋ ನಮ್ಮ ಜಮೀನಿಗೂ ಅದು ಇಳಿದು ಬಂತು. ಸ್ಯಾಟಲೈಟ್ ಲೆಕ್ಕದಲ್ಲಿ ಕಾಡು 10,920 ಎಕರೆ ಸುಟ್ಟಿದೆ ಅಂದ್ರು. ನಮ್ಮದು ಬರೀ ಮೂರು ಎಕರೆ ಬೀಳು, ಅಲ್ಲೊಂದು ಇಲ್ಲೊಂದು ಮತ್ತಿ, ದಿಂಡಿಗ, ನೆಲ್ಲಿ ಮರ, ಮಿಕ್ಕಿದ್ದೆಲ್ಲ ಲಂಟಾನ ಅನ್ನೋ ಕಳೆ ಪೊದೆ. ಜಿಂಕೆ ಕಾಟಿ ಓಡೋಗಿದ್ವು, ಓಡೋಕಾಗ್ದೇ ಇದ್ದ ಹಾವು ಆಮೆ ಕರಕಲಾಗಿ ಸಿಕ್ಕಿದ್ವು. ಅದನ್ನ ಜಾಸ್ತಿ ಬರೆಯಲ್ಲ.

ಹೊಟ್ಟೆ ಉರಿದೋಗಿ ಜೂನ್‌ನಲ್ಲಿ ನರ್ಸರಿಯಿಂದ 200 ಹೊಂಗೆ ಬೇವು ತಂದು ನೆಟ್ಟೆ, ಮುಂದಿನ ಬೇಸಿಗೆಗೆ ಹತ್ತೂ ಉಳೀಲಿಲ್ಲ. ಸತ್ತೇ ಹೋದ್ವು ಅಂದ್ಕೊಂಡಿದ್ದ ಮತ್ತಿ ದಿಂಡಿಗದ ಬುಡದಲ್ಲಿ ಮಾತ್ರ ನಾನೇನೂ ಮಾಡ್ದೇನೆ ಚಿಗುರು ಎದ್ದಿತ್ತು. ಕೆಲಸಕ್ಕೆ ಬರ್ತಿದ್ದ ಸೋಲಿಗರ ತಾತ ನಕ್ಕು, 'ಬೇರು ಬದುಕದೆ ಕಣಪ್ಪ, ನೀನ್ಯಾಕೆ ಗುಂಡಿ ತೋಡ್ತಿದೀಯ' ಅಂದ್ರು. ಮುಂಚೆ ಅವರು ಬೇಸಿಗೆ ಬಲಿಯೋಕೆ ಮೊದಲೇ ಉದುರಿದ ಒಣ ಎಲೆಗೆ ಸಣ್ಣದಾಗಿ 'ತರಗು ಬೆಂಕಿ' ಹಾಕ್ತಿದ್ರಂತೆ, ಆಗ ಲಂಟಾನ ಈ ಪಾಟಿ ಇರ್ಲಿಲ್ಲ ಅಂತಾರೆ.

ಅಸಲಿ ಕೆಲಸ ಇದ್ದಿದ್ದೇ ಲಂಟಾನದ್ದು. ಬೆಂಕೀಲಿ ಸುಟ್ರೂ ಮಳೆ ಬಿದ್ದ ತಕ್ಷಣ ಎಲ್ರಿಗಿಂತ ಮೊದಲು ಎದ್ದಿದ್ದು ಅದೇ. ಮಚ್ಚಲ್ಲಿ ಮೇಲೆ ಕಡಿದ್ರೆ ಒಂದಿದ್ದಿದ್ದು ನಾಲ್ಕಾಗತ್ತೆ, ಸುಮ್ನೆ ಕೂಲಿ ದಂಡ. ಬುಡದ ಮಣ್ಣು ಪಿಕಾಸೀಲಿ ಬಿಡಿಸಿ, ಕಾಂಡ ಬೇರು ಸೇರೋ ಜಾಗದಿಂದ ಎರಡು ಮೂರು ಬೆರಳು ಕೆಳಗೆ ಬೇರು ಕಡಿದು, ಪೊದೇನ ಎತ್ತಿ ತಲೆಕೆಳಗು ಮಾಡಿ ಇಡ್ಬೇಕು. ಶುರೂಲಿ ನಾನು ಕಿತ್ತಲ್ಲೇ ಬಿಟ್ಟಿದ್ದೆ, ಒದ್ದೆ ಮಣ್ಣು ತಾಗಿದ ಕೊಂಬೆಗಳು ಮತ್ತೆ ಬೇರು ಬಿಟ್ಕೊಂಡು ಎರಡು ವಾರದ ಕೆಲಸ ಹಾಳಾಯ್ತು. ಪಿಕಳಾರ ಹಕ್ಕಿ ಲಂಟಾನದ ಹಣ್ಣು ತಿಂದು ಬಂದು ಕೂತ್ಕೊಳ್ಳೋ ಮರದ ಕೆಳಗಂತೂ ಪ್ರತಿ ಮಳೆಗಾಲ ಸಣ್ಣ ಸಸಿ ಕೈಲೇ ಕೀಳ್ಬೇಕು, ಈಗ್ಲೂ ಕೀಳ್ತಾನೇ ಇದೀನಿ.

ಹುಲ್ಲು ಬಿತ್ತಲಿಲ್ಲ, ಬಿಸಿಲು ಬಿದ್ದ ಕಡೆ ತಾನೇ ಬಂತು. ಆದ್ರೆ ಎರಡು ಮಳೆಗಾಲ ದನ ಬಿಡಲ್ಲ ಅಂದಿದ್ದಕ್ಕೆ ಚಿಕ್ಕಪ್ಪ ಆರು ತಿಂಗಳು ಮಾತು ಬಿಟ್ರು. ಮತ್ತಿ ದಿಂಡಿಗದ ಬುಡದ ಚಿಗುರಲ್ಲಿ ಗಟ್ಟಿಯಾಗಿರೋದು ಒಂದೋ ಎರಡೋ ಉಳಿಸ್ಕೊಂಡು ಮಿಕ್ಕಿದ್ದು ಸವರಿ ಹಾಕಿದ್ವಿ, ಅಷ್ಟೇ. ಸತ್ತು ನಿಂತಿದ್ದ ಮರಗಳ್ನ ಸೌದೆಗೆ ಕೇಳ್ಕೊಂಡು ಬಂದ್ರು, ಕೊಡ್ಲಿಲ್ಲ. ಒಂದ್ರಲ್ಲಿ ಮರಕುಟಿಗ ತೂತು ಕೊರೀತು, ಮುಂದಿನ ವರ್ಷ ಆ ತೂತಿಗೆ ಗಿಳಿ ಬಂದು ಸೇರ್ಕೊಂಡ್ವು.

ಇನ್ನು ಪ್ರಾಣಿಗಳಿಗೆ ನೀರು. ಸಿಮೆಂಟ್ ತೊಟ್ಟಿ ಕಟ್ಸಿ ಖುಷಿಯಾಗಿದ್ದೆ, ಮೂರನೇ ದಿನ ಅದ್ರಲ್ಲಿ ಮೊಲ ಬಿದ್ದು ಸತ್ತಿತ್ತು, ಅಂಚು ಅಷ್ಟು ನೇರ ಇತ್ತು. ಒಳಗೆ ಒಂದು ಕಡೆ ಕಲ್ಲು ಜೋಡಿಸಿ ಇಳಿಜಾರು ಮಾಡಿದ್ಮೇಲೆ ಆ ತರ ಆಗಿಲ್ಲ. ಮೊನ್ನೆ ಅದೇ ಕಲ್ಲಿನ ಮೇಲೆ ಉಡ ಮಲಗಿತ್ತು, ನಾನು ಹತ್ರ ಹೋದ್ರೂ ಕದಲಲಿಲ್ಲ.