ಪೈ ಮೇಲೆ ಕೊಮೊಡೋರ್ 64: ಮೊದಲು 50 ಹರ್ಟ್ಸ್, ಮಿಕ್ಕಿದ್ದು ಆಮೇಲೆ

1980ರ ದಶಕದ ಮನೆ ಕಂಪ್ಯೂಟರ್ ಕೊಮೊಡೋರ್ 64ರ ಆಟಗಳನ್ನು ನಾನು ಓಡಿಸುವುದು ರಾಸ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರಿನಲ್ಲಿ: ಹಳೆಯ ಆಟಗಳಿಗೆಂದೇ ಇರುವ ರೆಟ್ರೋಪೈ ತಂತ್ರಾಂಶ, ಅದರೊಳಗೆ ರೆಟ್ರೋಆರ್ಚ್‌ನ ವೈಸ್ ಕೋರ್ (ಕೊಮೊಡೋರನ್ನು ಅನುಕರಿಸುವ ಭಾಗ). ಸೆಟ್ಟಿಂಗ್ ಮೆನು ಮಾರುದ್ದ ಇದೆ. ಆದರೆ ಮೊದಲು ಸರಿಪಡಿಸಬೇಕಾದದ್ದು ಆ ಮೆನುವಿನಲ್ಲಿಲ್ಲ, ಟಿವಿಗೆ ಹೋಗುವ ಸಿಗ್ನಲ್‌ನಲ್ಲಿದೆ.

ಪಾಲ್ (ಯುರೋಪಿನ ಟಿವಿ ಪದ್ಧತಿ) ಮಾದರಿಯ ಕೊಮೊಡೋರ್ ಯಂತ್ರ ಸೆಕೆಂಡಿಗೆ 50.125 ಫ್ರೇಮ್ ಬಿಡಿಸುತ್ತದೆ. ಟಿವಿ 60 ಹರ್ಟ್ಸ್‌ನಲ್ಲಿದ್ದರೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸಿದರೆ, ಐದು ಫ್ರೇಮಿಗೊಂದು ಎರಡೆರಡು ಸಲ ಬರುತ್ತದೆ. ಪಕ್ಕಕ್ಕೆ ಸರಿಯುವ ಹಿನ್ನೆಲೆ ಸೆಕೆಂಡಿಗೆ ಹತ್ತು ಸಲ ಮುಗ್ಗರಿಸುತ್ತದೆ. ಯಂತ್ರವನ್ನು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಗೆ ಬದಲಿಸುವುದು ಇದಕ್ಕೆ ಮದ್ದಲ್ಲ. ಪಾಲ್‌ನಲ್ಲಿ ಒಂದು ಫ್ರೇಮಿಗೆ ಪ್ರೊಸೆಸರಿನ 19,656 ಸೈಕಲ್ (ಕೆಲಸದ ಹೆಜ್ಜೆ) ಇದ್ದರೆ ಅಲ್ಲಿ ಸಿಗುವುದು 17,095 ಮಾತ್ರ. ಪಾಲ್‌ಗೆಂದೇ ಬರೆದ ಆಟಕ್ಕೆ ಹೊತ್ತು ಸಾಲದೆ ಪರದೆ ಮಿನುಗುತ್ತದೆ, ಸಂಗೀತವೂ ಐದರಲ್ಲೊಂದು ಪಾಲು ವೇಗವಾಗಿ ಓಡುತ್ತದೆ.

ಹಾಗಾಗಿ ಎಸ್‌ಡಿ ಕಾರ್ಡಿನ ಬೂಟ್ ಭಾಗದ ಕಾನ್ಫಿಗ್ ಫೈಲಿನಲ್ಲಿ ಎಚ್‌ಡಿಎಂಐ ಗ್ರೂಪ್ 1, ಮೋಡ್ 31 ಎಂದು ಹಾಕಿದೆ. ಇದು 1080ಪಿ, 50 ಹರ್ಟ್ಸ್. ಟಿವಿ 720ಪಿ ಆದರೆ ಮೋಡ್ 19. ಕೆಲವು ಕಂಪ್ಯೂಟರ್ ಮಾನಿಟರ್‌ಗಳು 50 ಹರ್ಟ್ಸ್ ಒಪ್ಪುವುದಿಲ್ಲ, ಪರದೆ ಕಪ್ಪಾಗುತ್ತದೆ. ಗಾಬರಿ ಬೇಡ, ಕಾರ್ಡನ್ನು ಬೇರೆ ಕಂಪ್ಯೂಟರಿಗೆ ಹಾಕಿ ಆ ಸಾಲುಗಳನ್ನು ಅಳಿಸಿದರಾಯಿತು. ನಂತರ ರೆಟ್ರೋಆರ್ಚ್‌ನಲ್ಲಿ ರಿಫ್ರೆಶ್ ರೇಟ್ 50, ವಿಸಿಂಕ್ (ಫ್ರೇಮನ್ನು ಟಿವಿಯ ತಾಳಕ್ಕೆ ಹೊಂದಿಸುವ ಆಯ್ಕೆ) ಆನ್. ಯಂತ್ರ ಶೇ. 0.25ರಷ್ಟು ನಿಧಾನವಾಗುತ್ತದೆ, ಕಿವಿಗೆ ಗೊತ್ತಾಗದು.

ಅಂಚು ಸೇರಿ ಪಾಲ್ ಚಿತ್ರ 272 ಗೆರೆ. ನಾಲ್ಕು ಪಟ್ಟು ಮಾಡಿದರೆ 1088, ಅಂದರೆ ಪರದೆಯ 1080ಕ್ಕಿಂತ ಎಂಟು ಗೆರೆ ಹೆಚ್ಚು. ಇಂಟಿಜರ್ ಸ್ಕೇಲ್ (ಪೂರ್ಣ ಪಟ್ಟು ಮಾತ್ರ ಹಿಗ್ಗಿಸುವ ಆಯ್ಕೆ) ಆನ್ ಆಗಿದ್ದರೆ ಚಿತ್ರ ಮೂರು ಪಟ್ಟಿಗೇ ನಿಂತುಬಿಡುತ್ತದೆ. ಕೋರ್‌ನ ಕ್ರಾಪ್ ಆಯ್ಕೆಯಲ್ಲಿ ಅಂಚನ್ನು ತುಸು ಕತ್ತರಿಸಿದರೆ ಪರದೆ ತುಂಬುತ್ತದೆ.

ಟ್ರೂ ಡ್ರೈವ್ ಎಮ್ಯುಲೇಷನ್ (ಫ್ಲಾಪಿ ಡ್ರೈವನ್ನು ಇಡಿಯಾಗಿ ಅನುಕರಿಸುವ ಆಯ್ಕೆ) ಆಫ್ ಮಾಡಬೇಡಿ. ಕೊಮೊಡೋರ್‌ನ 1541 ಫ್ಲಾಪಿ ಡ್ರೈವಿಗೆ ಅದರದ್ದೇ 6502 ಪ್ರೊಸೆಸರ್, 2 ಕೆಬಿ ರ‍್ಯಾಮ್ ಇದೆ. ಆಟವನ್ನು ಬೇಗ ಲೋಡ್ ಮಾಡುವ ಫಾಸ್ಟ್ ಲೋಡರ್‌ಗಳು ತಮ್ಮ ಕೋಡನ್ನು ಅಲ್ಲಿಗೇ ಕಳಿಸುತ್ತವೆ. ಆಫ್ ಇದ್ದರೆ ಲೋಡಿಂಗ್ ನಡುವೆಯೇ ನಿಲ್ಲುತ್ತದೆ. ಕಾಯುವ ಬೇಸರಕ್ಕೆ ಆಟೋಲೋಡ್ ವಾರ್ಪ್ (ಲೋಡ್ ಆಗುವಾಗ ಯಂತ್ರವನ್ನು ವೇಗವಾಗಿ ಓಡಿಸುವ ಆಯ್ಕೆ) ಇದೆ.

ಧ್ವನಿಗೆ ಕೊಮೊಡೋರ್‌ನ ಹಳೆಯ 6581 ಚಿಪ್ ಆಯ್ದಿಟ್ಟಿದ್ದೇನೆ. ವಾಲ್ಯೂಮ್ ರಿಜಿಸ್ಟರ್ ಮೂಲಕ ನುಡಿಸಿದ ಮಾತು, ಡ್ರಮ್ಮು ನಂತರದ ಚಿಪ್ ಆದ 8580ರಲ್ಲಿ ತೀರಾ ಕ್ಷೀಣ. ಪೈ 3ರಲ್ಲಿ ಸದ್ದು ಚಟಪಟ ಎಂದರೆ ಧ್ವನಿ ಚಿಪ್ಪನ್ನು ಅನುಕರಿಸುವ ರೀಸಿಡ್‌ನ ಸ್ಯಾಂಪ್ಲಿಂಗನ್ನು ಫಾಸ್ಟ್‌ಗೆ ಇಳಿಸಿ.

ಜಾಯ್‌ಸ್ಟಿಕ್ ಅಲ್ಲಾಡಿಸಿದಾಗ ಪರದೆಯಲ್ಲಿ ಅಕ್ಷರ ಮೂಡಿದರೆ ಅದು ಪೋರ್ಟ್ 1ರಲ್ಲಿದೆ, ಕೀಬೋರ್ಡಿನ ಗೆರೆಗಳನ್ನೇ ಹಂಚಿಕೊಂಡಿದೆ ಎಂದರ್ಥ. ಹೆಚ್ಚಿನ ಆಟಗಳಿಗೆ ಬೇಕಿರುವುದು ಪೋರ್ಟ್ 2. ಪೋರ್ಟ್ 1 ಕೇಳುವ ಆಟಕ್ಕೆ ಮಾತ್ರ ಗೇಮ್ ಆಪ್ಷನ್ಸ್ ಫೈಲ್ ಪ್ರತ್ಯೇಕವಾಗಿ ಉಳಿಸಿ.