24 ಇಂಚಿನ ನಳಿಗೆ 20ಕ್ಕೆ ಇಳಿದಾಗ: ನನ್ನ ಅನುಭವ

.308 ವಿಂಚೆಸ್ಟರ್ ತೋಟಾ ಹಾರಿಸುವ ನನ್ನ ಬೇಟೆ ಕೋವಿಯ ನಳಿಗೆಯನ್ನು 24 ಇಂಚಿನಿಂದ 20ಕ್ಕೆ ಇಳಿಸುವ ಮಾತೆತ್ತಿದಾಗ, "ವೇಗವೂ ಹೋಯ್ತು, ಗುರಿಯೂ ಹೋಯ್ತು" ಅಂದವರೇ ಜಾಸ್ತಿ. ಈಗ ಅದೇ ಕೋವಿ 100 ಗಜದಲ್ಲಿ ಮೂರು ಗುಂಡನ್ನು ಒಂದು ಇಂಚಿನೊಳಗೆ ಕೂರಿಸುತ್ತದೆ.

ಎರಡು ಕೋವಿ ಪಕ್ಕಪಕ್ಕ ಇಟ್ಟು ಹೋಲಿಸುವುದು ದಂಡ. ಒಂದೇ ಉದ್ದದ ಎರಡು ನಳಿಗೆಗಳ ನಡುವೆಯೇ ಸೆಕೆಂಡಿಗೆ 50 ಅಡಿ ವ್ಯತ್ಯಾಸ ಬರುವುದುಂಟು. ಹಾಗಾಗಿ ಒಂದೇ ನಳಿಗೆಯನ್ನು ಎರಡೆರಡು ಇಂಚು ಕತ್ತರಿಸಿ, ಒಂದೇ ಲಾಟಿನ ತೋಟಾ ಹಾಕಿ, ಪ್ರತಿ ಸಲ ಹತ್ತು ಗುಂಡಿನ ಸರಾಸರಿ ತೆಗೆದದ್ದು. 165 ಗ್ರೇನ್ (ಸುಮಾರು 10.7 ಗ್ರಾಂ) ತೂಕದ ಗುಂಡಿಗೆ, ನೆನಪಿನಿಂದ ಹೇಳುವುದಾದರೆ, 24ರಲ್ಲಿ ಸೆಕೆಂಡಿಗೆ 2700 ಅಡಿ, 22ರಲ್ಲಿ 2660, 20ರಲ್ಲಿ 2610. ಇಂಚಿಗೆ ಇಪ್ಪತ್ತು ಚಿಲ್ಲರೆ. ಮೂರ್ನಾಲ್ಕು ಗುಂಡಿಗೇ ನಿಲ್ಲಿಸಿದರೆ ಇಷ್ಟು ಸಣ್ಣ ವ್ಯತ್ಯಾಸ ತೋಟಾದಿಂದ ತೋಟಾಕ್ಕಿರುವ ಏರಿಳಿತದಲ್ಲೇ ಮುಳುಗುತ್ತದೆ. ಲೇತ್ ಕೂಲಿಗಿಂತ ಸುಟ್ಟ ತೋಟಾಗಳ ಖರ್ಚೇ ಹೆಚ್ಚಾಯಿತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

200 ಗಜಕ್ಕೆ ಜೀರೋ ಮಾಡಿದ್ದರೆ, ಅಂದರೆ ಅಷ್ಟು ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಸ್ಕೋಪನ್ನು ಹೊಂದಿಸಿದ್ದರೆ, 300ರಲ್ಲಿ ಗುಂಡು ಮೊದಲಿಗಿಂತ ಹೆಚ್ಚು ಇಳಿಯುವುದು ಒಂದು ಇಂಚಿನ ಆಸುಪಾಸು. ಅದು ಲೆಕ್ಕಕ್ಕಿಲ್ಲ. ನೋಡಬೇಕಾದ್ದು ಪ್ರಾಣಿಗೆ ತಾಗಿದಾಗ ಗುಂಡಿನ ತುದಿ ಅಗಲವಾಗಿ ಅರಳಲು ಬೇಕಾದ ವೇಗ: ಬೇಟೆಯ ಗುಂಡುಗಳಲ್ಲಿ ಬಹಳಷ್ಟಕ್ಕೆ 1800ರಿಂದ 2000 ಅಡಿಯಾದರೂ ಬೇಕು, ಅದಕ್ಕಿಂತ ಕಡಿಮೆಯಾದರೆ ಅರಳದೆ ತೂರಿಹೋಗಿ ಪ್ರಾಣಿ ಗಾಯಗೊಂಡು ಓಡುತ್ತದೆ. ಈ ಗುಂಡು ನೂರು ಗಜಕ್ಕೆ 180–190 ಅಡಿ ವೇಗ ಕಳೆದುಕೊಳ್ಳುತ್ತದೆ. ಅಂದರೆ ನಾಲ್ಕು ಇಂಚಿಗೆ ತೆತ್ತದ್ದು ಸುಮಾರು 50 ಗಜ. 300 ದಾಟಿ ಹೊಡೆಯದವರಿಗೆ ಅದೇನು ನಷ್ಟ?

ಗುರಿ ಕೆಟ್ಟದ್ದು ನಿಜ, ಆದರೆ ಉದ್ದದಿಂದಲ್ಲ, ಕ್ರೌನ್‌ನಿಂದ, ಅಂದರೆ ಗುಂಡು ಹೊರಬೀಳುವ ನಳಿಗೆಯ ತುದಿಯ ಅಂಚಿನಿಂದ. 22ಕ್ಕೆ ಕತ್ತರಿಸಿದ ಮೇಲೆ ಗುಂಡುಗಳು ಮೂರು ಇಂಚು ಹರಡಿದವು. ಹತ್ತಿ ಸುತ್ತಿದ ಕಡ್ಡಿಯನ್ನು ಒಳಗಿನಿಂದ ಹೊರಕ್ಕೆ ಎಳೆದರೆ ಒಂದೇ ಕಡೆ ಎಳೆ ಸಿಕ್ಕಿಕೊಳ್ಳುತ್ತಿತ್ತು, ಅಲ್ಲೊಂದು ಸಣ್ಣ ಮುಳ್ಳು. ಅಂಥ ಮುಳ್ಳಿದ್ದರೆ ಅನಿಲ ಒಂದು ಪಕ್ಕದಿಂದ ಮೊದಲು ನುಗ್ಗಿ ಗುಂಡಿನ ಬುಡವನ್ನು ತಳ್ಳುತ್ತದೆ. ಜೊತೆಗೆ, ಕೆಲಸದವನು ಲೇತಿನಲ್ಲಿ ನಳಿಗೆಯ ಹೊರಮೈಯನ್ನು ನಡುಮಾಡಿ (ತಿರುಗುವ ಕೇಂದ್ರಕ್ಕೆ ಹೊಂದಿಸಿ) ಹಿಡಿಸಿದ್ದ. ನಡುಮಾಡಬೇಕಾದ್ದು ಒಳರಂಧ್ರವನ್ನು, ಇವೆರಡೂ ಒಂದೇ ಕೇಂದ್ರದಲ್ಲಿರುವುದು ಅಪರೂಪ. 20ರಲ್ಲಿ ಹಾಗೆ ಹಿಡಿಸಿ 11 ಡಿಗ್ರಿ ಕ್ರೌನ್ ಹಾಕಿಸಿದ ಮೇಲೆ ತುದಿಯಲ್ಲಿ ಮಸಿಯ ನಕ್ಷತ್ರ ಸುತ್ತಲೂ ಸಮವಾಗಿ ಮೂಡಿತು. ಕೊನೆಯ ಹೊಳಪು ಯಾವುದರಿಂದ ಕೊಟ್ಟದ್ದು ಎಂಬುದು ನನ್ನಲ್ಲೇ ಇರಲಿ.

ಗಿಡ್ಡ ನಳಿಗೆಗೆ ಬೇಗ ಉರಿಯುವ ಮದ್ದು ಬೇಕೆಂಬ ಮಾತನ್ನೂ ಪರೀಕ್ಷಿಸಿದ್ದಾಯಿತು. ತುದಿಯ ಬೆಂಕಿ ಕೊಂಚ ತಗ್ಗಿತು, ವೇಗವೂ ತಗ್ಗಿತು. ಉದ್ದ ನಳಿಗೆಯಲ್ಲಿ ಗೆದ್ದ ಮದ್ದೇ ಇಲ್ಲೂ ಗೆದ್ದಿತು. ಇಂಚಿಗೆ ಇಪ್ಪತ್ತು ಚಿಲ್ಲರೆಯ ಲೆಕ್ಕವನ್ನು ಹೆಚ್ಚು ಮದ್ದು ತುಂಬಿದ ಮ್ಯಾಗ್ನಮ್ ತೋಟಾಗಳಿಗೆ ಹಚ್ಚಬೇಡಿ, ಅಲ್ಲಿ ಇಂಚಿಗೆ ಕಳೆಯುವುದು ಜಾಸ್ತಿ. .22 ರಿಮ್‌ಫೈರ್ ಎಂಬ ಪುಟ್ಟ ತೋಟಾದಲ್ಲಾದರೆ 16 ಇಂಚಿನ ಹೊತ್ತಿಗೇ ಮದ್ದಿನ ಕೆಲಸ ಬಹುಪಾಲು ಮುಗಿದಿರುತ್ತದೆ.

ಕಡಿಮೆಯಾದ ತೂಕ 130 ಗ್ರಾಂ ಇರಬಹುದು, ದೊಡ್ಡದಲ್ಲ. ಪೊದೆಯಲ್ಲಿ ತಿರುಗಿಸುವಾಗ ಸಿಗುವ ಸಲೀಸೇ ಲಾಭ. ಶಬ್ದ ಮಾತ್ರ ಕಿವಿಗೆ ರಾಚುತ್ತದೆ, ರಕ್ಷಣೆ ಹಾಕದೆ ಒಂದು ಗುಂಡೂ ಬೇಡ. ಕತ್ತರಿಸುವ ಮೊದಲು ಕನಿಷ್ಠ ಉದ್ದದ ಕಾನೂನು ನೋಡಿಕೊಳ್ಳಿ, ಪರವಾನಗಿ ಇರುವವನಿಂದಲೇ ಮಾಡಿಸಿ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಮಕ್ಷಿಕೆ (ಮುಂಗುರಿ) ಇದ್ದರೆ ಅದೂ ತುಂಡಿನ ಜೊತೆ ಹೋಗುತ್ತದೆ. ಸ್ಕೋಪಿನ ಹಳೆಯ ಇಳಿತದ ಗುರುತುಗಳನ್ನು ಅಳಿಸಿ ಹೊಸದಾಗಿ ಬರೆಯಬೇಕು.